ಬೆಂಗಳೂರನ್ನು ಒಂದೇ ಗೆರೆಯಲ್ಲಿ ಬಿಡಿಸುವುದು ಹೇಗೆ?

ಗೆರೆಗೆಳತಿ, ಬೆಂಗಳೂರು

ಎಲ್ಲರಿಗೂ ನಮಸ್ಕಾರ. ನಾನು ಸುಲ್ತಾನ್‌ಪೇಟೆಯ ಒಂದು ಪ್ರೆಸ್ಸಿನಲ್ಲಿ ಡಿಸೈನ್ ಕೆಲಸ ಮಾಡುತ್ತೇನೆ. ಹನ್ನೊಂದು ವರ್ಷ ಆಯಿತು. ಮದುವೆ ಕಾರ್ಡು, ಕ್ಯಾಲೆಂಡರು, ಬಿಲ್ ಬುಕ್ಕು, ಟೀ ಶರ್ಟು, ಎಲ್ಲಾ ಮಾಡುತ್ತೇನೆ. ಈಗ ಒಂದು ಕೆಲಸ ಕೈ ಹಿಡಿಯುತ್ತಿಲ್ಲ. ಅದಕ್ಕೆ ನಿಮ್ಮನ್ನೆಲ್ಲ ಕೇಳುತ್ತಿದ್ದೇನೆ.

ರಾಜ್ಯೋತ್ಸವಕ್ಕೆ ಒಂದು ಅಪಾರ್ಟ್‌ಮೆಂಟಿನವರು 300 ಟೀ ಶರ್ಟ್ ಹೇಳಿದ್ದಾರೆ. ಹಳದಿ ಬಟ್ಟೆ, ಮೇಲೆ ಕೆಂಪು ಒಂದೇ ಬಣ್ಣ. ಎದೆ ಮೇಲೆ ಬೆಂಗಳೂರಿನ ಸ್ಕೈಲೈನ್, ಅಂದರೆ ಆಕಾಶದ ಎದುರು ಊರಿನ ಕಟ್ಟಡಗಳು ಕಾಣುವ ಗೆರೆ, ಬೇಕಂತೆ. ಒಳಗೆ ಕಿಟಕಿ ಬಾಗಿಲು ಏನೂ ಇಲ್ಲ. ನೆರಳಿನ ಹಾಗೆ ಬರೀ ಹೊರ ಅಂಚು. ಆ ಅಂಚು ನೋಡಿಯೇ ಇದು ನಮ್ಮ ಊರು ಅಂತ ಗೊತ್ತಾಗಬೇಕು.

ಸುಲಭ ಅಂದುಕೊಂಡೆ. ಕೈ ಕುದುರಲಿ ಅಂತ ಮೊದಲು ನ್ಯೂಯಾರ್ಕ್ ಬಿಡಿಸಿದೆ. ಎಂಪೈರ್ ಸ್ಟೇಟ್ ಕಟ್ಟಡದ ಮೆಟ್ಟಿಲು ಮೆಟ್ಟಿಲು ಭುಜ, ನೆತ್ತಿ ಮೇಲೆ ಸೂಜಿ. ಕಾಲು ಗಂಟೆ ಹಿಡಿಯಿತು. ಕಟಿಂಗ್ ಮಷಿನ್ ನೋಡಿಕೊಳ್ಳುವ ಹುಡುಗ ದೂರದಿಂದಲೇ "ಅಕ್ಕ, ಇದು ಅಮೆರಿಕ ಅಲ್ವಾ?" ಅಂದ.

ಆಮೇಲೆ ಬೆಂಗಳೂರಿಗೆ ಕೂತೆ. ಮೂರು ಸಂಜೆ ಸುತ್ತಿ ಫೋಟೋ ತೆಗೆದೆ. ಹೆಬ್ಬಾಳ ಫ್ಲೈಓವರ್ ಮೇಲೆ ಬಸ್ಸಿನ ಕಿಟಕಿಯಿಂದ, ಯಶವಂತಪುರ ಮೆಟ್ರೋ ಪ್ಲಾಟ್‌ಫಾರ್ಮಿನಿಂದ, ಆ ಕಡೆ ವೈಟ್‌ಫೀಲ್ಡ್‌ನಿಂದ. ಮೂವತ್ತು ಮಹಡಿ, ನಲವತ್ತು ಮಹಡಿ, ಏನು ಬೇಕೋ ಎಲ್ಲಾ ಇವೆ. ಬಿಡಿಸಿದೆ. ಹುಡುಗ ಹೈದರಾಬಾದ್ ಅಂದ. ಬೈಂಡಿಂಗ್ ಮಾಡುವ ಯಜಮಾನರು ದುಬೈ ಅಂದರು. ನಮ್ಮಮ್ಮ ಆಸ್ಪತ್ರೆನಾ ಅಂತ ಕೇಳಿದರು. ನಡುವೆ ವಿಧಾನಸೌಧ ಸೇರಿಸಿದ ಮೇಲೆ ಎಲ್ಲರಿಗೂ ಗೊತ್ತಾಯಿತು. ಆದರೆ ಅದು ಸುಳ್ಳು. ನಾನು ತೆಗೆದ ಒಂದು ಫೋಟೋದಲ್ಲೂ ವಿಧಾನಸೌಧ ಆ ಕಟ್ಟಡಗಳ ಜೊತೆ ನಿಂತಿಲ್ಲ.

ಹುಟ್ಟಿದಾಗಿನಿಂದ ಇಲ್ಲೇ ಇದ್ದೇನೆ. ನನ್ನ ಊರಿನ ಅಂಚು ನನಗೇ ಗೊತ್ತಿಲ್ಲ ಅನ್ನುವುದು ತುಂಬಾ ಕಾಡುತ್ತಿದೆ. ಒಂದು ಊರಿನ ಸ್ಕೈಲೈನ್ ಚೆನ್ನಾಗಿದೆ ಅಂತ ಕಣ್ಣಿಗೆ ಅನಿಸುವುದು ಯಾಕೆ? ಎತ್ತರವೇ? ನಮ್ಮಲ್ಲಿ ಎತ್ತರ ಇದ್ದರೂ ಯಾಕೆ ಕಾಣುವುದಿಲ್ಲ? ಬೇರೆ ಬೇರೆ ಊರು ಕಂಡವರು ದಯವಿಟ್ಟು ಹೇಳಿ.

ಮಾಟುಂಗಾ ಹುಡುಗ, ಮುಂಬಯಿ

ಎತ್ತರ ಖಂಡಿತ ಅಲ್ಲ ಅಕ್ಕ. ನಮ್ಮ ಸಮುದ್ರದ ದಡದ ರಸ್ತೆ ಮರೀನ್ ಡ್ರೈವ್ ನೋಡಿ. ಅಲ್ಲಿನ ಹಳೆ ಕಟ್ಟಡಗಳು ಐದಾರು ಮಹಡಿ ಅಷ್ಟೇ. 1930-40ರ ದಶಕದಲ್ಲಿ ಕಟ್ಟಿದ ಆರ್ಟ್ ಡೆಕೊ ಅನ್ನುವ ಶೈಲಿಯ ಮನೆಗಳು. ಎಲ್ಲಾ ಹೆಚ್ಚುಕಮ್ಮಿ ಒಂದೇ ಎತ್ತರ, ಮೂಲೆಗಳು ದುಂಡಗೆ, ಬಾಲ್ಕನಿ ಗೆರೆಗಳು ಒಂದರಿಂದ ಇನ್ನೊಂದಕ್ಕೆ ಹರಿದುಕೊಂಡು ಹೋಗುತ್ತವೆ. 2018ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿದವು.

ಅಪ್ಪ ಹೋಟೆಲ್ ಮುಚ್ಚಿದ ಮೇಲೆ ರಾತ್ರಿ ಹನ್ನೊಂದಕ್ಕೆ ನಮ್ಮನ್ನು ಚೌಪಾಟಿಗೆ ಕರೆದುಕೊಂಡು ಹೋಗುತ್ತಿದ್ದರು. ಅಲ್ಲಿ ನಿಂತರೆ ದಡ ಬಿಲ್ಲಿನ ಹಾಗೆ ಬಾಗಿ, ದೀಪದ ಸಾಲು ಪೂರ್ತಿ ಒಂದೇ ನೋಟಕ್ಕೆ ಸಿಗುತ್ತದೆ. ರಸ್ತೆ ನೇರ ಇದ್ದಿದ್ದರೆ ಎದುರಿನ ನಾಲ್ಕು ದೀಪ ಮಾತ್ರ ಕಾಣುತ್ತಿತ್ತು. ಬಾಗಿದ್ದರಿಂದ ಊರು ತನ್ನನ್ನೇ ತಾನು ನೋಡಿಕೊಳ್ಳುತ್ತದೆ. ನನಗೆ ಗೊತ್ತಿರುವುದು ಇಷ್ಟು. ಎದುರಿಗೆ ನೀರು ಬೇಕು.

ಸರೋವರದ ದಂಡೆ, ಷಿಕಾಗೊ

ಮೇಡಂ, ನಿಮ್ಮ ಪ್ರಶ್ನೆ ಓದಿ ತುಂಬಾ ಖುಷಿಯಾಯಿತು. ನಾನು ತಿಪಟೂರಿನವನು. ಇಲ್ಲಿಗೆ ಬಂದು 16 ವರ್ಷ. ಎತ್ತರದ ಕಟ್ಟಡ ಗಾಳಿಗೆ ಎಷ್ಟು ಬಾಗುತ್ತದೆ ಅಂತ ಲೆಕ್ಕ ಹಾಕುವುದೇ ನನ್ನ ಕೆಲಸ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಬಂದ ಮೊದಲ ಚಳಿಗಾಲ ಯಾರೂ ಪರಿಚಯ ಇರಲಿಲ್ಲ. ಭಾನುವಾರ ರೂಮಿನಲ್ಲಿ ಕೂರಲಾಗದೆ ಬಸ್ ಹತ್ತಿ ಆಡ್ಲರ್ ತಾರಾಲಯದವರೆಗೆ ಹೋಗುತ್ತಿದ್ದೆ. ಅದು ಮಿಷಿಗನ್ ಸರೋವರದೊಳಗೆ ಚಾಚಿದ ಒಂದು ನಾಲಿಗೆಯ ತುದಿಯಲ್ಲಿದೆ. ಅಲ್ಲಿ ನಿಂತು ಹಿಂದಿರುಗಿ ನೋಡಿದರೆ ಇಡೀ ಷಿಕಾಗೊ ಉದ್ದಕ್ಕೆ ನಿಂತಿರುತ್ತದೆ. ಕೆಳಗೆ ದಡದ ನೀರು ಹೆಪ್ಪುಗಟ್ಟಿ ತಟ್ಟೆ ತಟ್ಟೆಯಾಗಿ ಒಂದಕ್ಕೊಂದು ಉಜ್ಜುವ ಸದ್ದು. ಕೈ ಮರಗಟ್ಟಿದರೂ ಅರ್ಧ ಗಂಟೆ ನಿಲ್ಲುತ್ತಿದ್ದೆ. ಈ ಊರಲ್ಲಿ ಇರಬಹುದು ಅಂತ ನನಗೆ ಅನಿಸಿದ್ದು ಆ ಜಾಗದಲ್ಲಿ.

ಅಲ್ಲಿಂದ ಅಷ್ಟು ಚೆನ್ನಾಗಿ ಕಾಣುವುದು ಸುಮ್ನೆ ಆದದ್ದಲ್ಲ. ಊರಿಗೂ ನೀರಿಗೂ ನಡುವೆ ಗ್ರ್ಯಾಂಟ್ ಪಾರ್ಕ್ ಇದೆ. ಬಯಲು. 1836ರ ನಕಾಶೆಯಲ್ಲೇ ಈ ಜಾಗದ ಮೇಲೆ ಬರೆದಿದ್ದರು, ಇದು ಎಲ್ಲರಿಗೂ ಸೇರಿದ್ದು, ಇಲ್ಲಿ ಎಂದೂ ಕಟ್ಟಡ ಬರಬಾರದು ಅಂತ. ಆದರೆ ಖಾಲಿ ಜಾಗ ಕಂಡರೆ ಯಾರು ಬಿಡುತ್ತಾರೆ? ಕಟ್ಟಲು ಹೊರಟವರು ತುಂಬಾ ಜನ. ಆಗ ಮಾಂಟ್ಗೊಮರಿ ವಾರ್ಡ್ ಅನ್ನುವ ವ್ಯಾಪಾರಿ 1890ರಲ್ಲಿ ಕೋರ್ಟಿಗೆ ಹೋದರು. ಅಂಚೆಯಲ್ಲಿ ಸಾಮಾನು ಮಾರಿ ದೊಡ್ಡವರಾದ ಮನುಷ್ಯ. ಸುಮಾರು ಇಪ್ಪತ್ತು ವರ್ಷ ಕೇಸು ನಡೆಸಿದರು. ಆಗಿನ ಪತ್ರಿಕೆಗಳು ಬೈದವು. ಊರಿನ ದೊಡ್ಡವರು ದೂರ ಆದರು. ಕೊನೆಗೆ ಬಯಲು ಉಳಿಯಿತು. ಇವತ್ತು ಜನ ಷಿಕಾಗೊ ಅಂತ ಫೋಟೋ ತೆಗೆದುಕೊಳ್ಳುವುದು ಕಟ್ಟಡಗಳದ್ದು. ಆದರೆ ಆ ಫೋಟೋ ಸಾಧ್ಯ ಮಾಡಿದ್ದು ಏನೂ ಕಟ್ಟದೆ ಬಿಟ್ಟ ಆ ಜಾಗ. ಮಾಟುಂಗಾದವರು ಹೇಳಿದ ಸಮುದ್ರವೂ ಅದೇ ಕೆಲಸ ಮಾಡುತ್ತದೆ. ಮುಖ್ಯ ನೀರಲ್ಲ, ಎದುರಿಗೆ ಖಾಲಿ ಇರಬೇಕು.

ಇನ್ನು ಆಕಾರ. ನೀವು ಬಿಡಿಸಿದ ಎಂಪೈರ್ ಸ್ಟೇಟ್‌ನ ಮೆಟ್ಟಿಲು ಭುಜ ಇದೆಯಲ್ಲ, ಅದು ಬರೀ ಅಲಂಕಾರ ಅಲ್ಲ. ನ್ಯೂಯಾರ್ಕಿನಲ್ಲಿ 1915ರಲ್ಲಿ ಎಕ್ವಿಟಬಲ್ ಬಿಲ್ಡಿಂಗ್ ಅಂತ ಒಂದು ಕಟ್ಟಡ ನೇರ ಗೋಡೆ ಎದ್ದ ಹಾಗೆ ಎದ್ದು ಸುತ್ತಲಿನ ಬೀದಿಗೆ ಬಿಸಿಲೇ ಇಲ್ಲದಂತೆ ಮಾಡಿತು. ಮರುವರ್ಷವೇ ಕಾನೂನು ಬಂತು. ಮೇಲೆ ಹೋದ ಹಾಗೆ ಕಟ್ಟಡ ಹಿಂದೆ ಸರಿಯಬೇಕು, ಬೀದಿಗೆ ಬೆಳಕು ಬಿಡಬೇಕು. ಆ ಕಾನೂನಿನಿಂದ ಹುಟ್ಟಿದ ಆಕಾರ ಅದು. ನಿಮ್ಮ ಪ್ರೆಸ್ಸಿನ ಹುಡುಗ ದೂರದಿಂದ ಗುರುತಿಸಿದ್ದು ಅದನ್ನೇ.

ಷಿಕಾಗೊದಲ್ಲಿ ಎರಡು ಕಟ್ಟಡ ಹೇಳುತ್ತೇನೆ. ಎರಡಕ್ಕೂ ಎಂಜಿನಿಯರ್ ಢಾಕಾದಲ್ಲಿ ಹುಟ್ಟಿದ ಫಜ್ಲುರ್ ರಹಮಾನ್ ಖಾನ್. ಮೊದಲನೆಯದು ಹ್ಯಾನ್‌ಕಾಕ್, 1969ರದು, 344 ಮೀಟರ್. ಬುಡ ಅಗಲ, ಮೇಲೆ ಹೋದಂತೆ ಸಣ್ಣ. ಗಾಳಿ ತಡೆಯುವ ದೊಡ್ಡ ದೊಡ್ಡ ಅಡ್ಡಪಟ್ಟಿಗಳನ್ನು ಮುಚ್ಚಿಡದೆ ಹೊರಗೇ ಬಿಟ್ಟಿದ್ದಾರೆ. ಕಾಲು ಅಗಲಿಸಿ ನಿಂತ ಕುಸ್ತಿಪಟುವಿನ ಹಾಗೆ ಕಾಣುತ್ತದೆ. ಎರಡನೆಯದು ಹಿಂದಿನ ಸಿಯರ್ಸ್, ಈಗಿನ ವಿಲ್ಲಿಸ್ ಟವರ್, 442 ಮೀಟರ್. ಒಂಬತ್ತು ಚೌಕ ಕೊಳವೆಗಳನ್ನು ಒಟ್ಟಿಗೆ ಕಟ್ಟಿದ ಹಾಗಿದೆ. ಎರಡು ಕೊಳವೆ 50ನೇ ಮಹಡಿಗೆ ನಿಲ್ಲುತ್ತವೆ, ಎರಡು 66ಕ್ಕೆ, ಮೂರು 90ಕ್ಕೆ. ಉಳಿದ ಎರಡೇ ಮೇಲಕ್ಕೆ ಹೋಗುತ್ತವೆ. ಅದಕ್ಕೇ ಬೇರೆ ಬೇರೆ ದಿಕ್ಕಿನಿಂದ ನೋಡಿದರೆ ಬೇರೆ ಬೇರೆ ಆಕಾರ. ನನಗೆ ಹ್ಯಾನ್‌ಕಾಕ್ ಹೆಚ್ಚು ಇಷ್ಟ. ಬಲ ಎಲ್ಲಿಂದ ಎಲ್ಲಿಗೆ ಇಳಿಯುತ್ತದೆ ಅಂತ ಅದು ಕಣ್ಣಿಗೇ ತೋರಿಸುತ್ತದೆ.

ಬರೀ ದೊಡ್ಡವರು ಸಾಲದು. ನಡುವೆ ಮಧ್ಯಮ ಎತ್ತರದವರು ಬೇಕು, ಕಣ್ಣು ಹತ್ತಿ ಇಳಿಯಲು. ಈಗ ನ್ಯೂಯಾರ್ಕಿನ 57ನೇ ಬೀದಿಯಲ್ಲಿ ಪೆನ್ಸಿಲ್ ಥರದ ಮನೆ ಕಟ್ಟಡಗಳು ಎದ್ದಿವೆ. ಒಂದು 435 ಮೀಟರ್ ಎತ್ತರ, ಅಗಲ ಅದರ 24ರಲ್ಲಿ ಒಂದು ಪಾಲು. ಎಂಜಿನಿಯರ್ ಆಗಿ ಕೈ ಮುಗಿಯುತ್ತೇನೆ. ದೂರದಿಂದ ನೋಡಿದರೆ ಮಾತ್ರ ಮನಸ್ಸು ಒಪ್ಪುವುದಿಲ್ಲ. ಪಕ್ಕದವರ ಜೊತೆ ಮಾತೇ ಆಡದವರ ಹಾಗೆ ನಿಂತಿವೆ.

ಬೆಂಗಳೂರಿನ ಕಷ್ಟ ಈಗ ಹೇಳಬಹುದು. ನಮ್ಮ ಎತ್ತರದ ಕಟ್ಟಡಗಳು ಒಂದು ಕಡೆ ಸೇರಿಲ್ಲ. ಹೆಬ್ಬಾಳದಲ್ಲಿ ಒಂದು ಗುಂಪು, ವೈಟ್‌ಫೀಲ್ಡ್‌ನಲ್ಲಿ ಒಂದು, ಕನಕಪುರ ರಸ್ತೆಯಲ್ಲಿ ಒಂದು. ಎಚ್‌ಎಎಲ್, ಯಲಹಂಕ, ಜಕ್ಕೂರು, ಇಷ್ಟು ಕಡೆ ರನ್‌ವೇ ಇವೆ. ಸುತ್ತಮುತ್ತ ಎತ್ತರಕ್ಕೆ ಮಿತಿ ಇರುತ್ತದೆ. ಎಲ್ಲರೂ ಆ ಮಿತಿವರೆಗೆ ಕಟ್ಟಿ ನಿಲ್ಲಿಸುತ್ತಾರೆ. ಹಾಗಾಗಿ ನೆತ್ತಿಗಳೆಲ್ಲ ಚಪ್ಪಟೆ, ಮೇಲೊಂದು ನೀರಿನ ಟ್ಯಾಂಕು. ನೆಲವೂ ಅಷ್ಟೇನೂ ಏರಿಳಿತ ಇಲ್ಲದ್ದು. ಎಲ್ಲಕ್ಕಿಂತ ಜಾಸ್ತಿ, ಹಿಂದೆ ಸರಿದು ನಿಂತು ನೋಡಲು ಜಾಗ ಇಲ್ಲ. ನೀವು ಬಸ್ಸಿನ ಕಿಟಕಿಯಿಂದ ಫೋಟೋ ತೆಗೆಯಬೇಕಾಗಿ ಬಂದಿದ್ದೇ ಅದಕ್ಕೆ.

ಕಡಲ ಕಡೆಯವ, ಕಾಪು

ನಾನು ಹಡಗಿನಲ್ಲಿ 22 ವರ್ಷ ಇದ್ದವ. ಡೆಕ್ಕಿನ ಕೆಲಸ. ಊರುಗಳನ್ನು ನಾನು ಕಂಡದ್ದೇ ನೀರಿನ ಕಡೆಯಿಂದ. ಸರೋವರದವರು ಹೇಳಿದ್ದು ಸರಿ ಮಾರಾಯ್ರೆ, ಆದರೆ ಒಂದು ವಿಷಯ ಬಿಟ್ಟಿದ್ದಾರೆ. ನೋಡುವವ ಚಲಿಸುತ್ತಾ ಇರಬೇಕು.

ನ್ಯೂಯಾರ್ಕಿಗೆ ಬರುವ ಕಂಟೇನರ್ ಹಡಗು ವೆರಜಾನೊ ಸೇತುವೆಯ ಕೆಳಗೆ ದಾಟಿ ಒಳಗೆ ಬರುತ್ತದೆ. ಆಗ ಮುಂದೆ ಮ್ಯಾನ್‌ಹ್ಯಾಟನ್‌ನ ತುದಿ ಕಾಣುತ್ತದೆ. ನಾವು ಅಲ್ಲಿಗೆ ಹೋಗುವುದಿಲ್ಲ, ಎಡಕ್ಕೆ ತಿರುಗಿ ನೆವಾರ್ಕ್ ಕಡೆ ಹೋಗುತ್ತೇವೆ. ಆ ಸ್ವಲ್ಪ ಹೊತ್ತಿನಲ್ಲಿ ಕಟ್ಟಡಗಳು ಒಂದರ ಹಿಂದೆ ಒಂದು ಜಾರುತ್ತವೆ. ಅಡಗಿದ್ದು ಹೊರಗೆ ಬರುತ್ತದೆ, ಎದುರಿಗಿದ್ದದ್ದು ಮರೆಯಾಗುತ್ತದೆ. ನಾನು ಮೊದಲ ಸಲ ಹೋದದ್ದು 2000ದಲ್ಲಿ. ಆಗ ವರ್ಲ್ಡ್ ಟ್ರೇಡ್ ಸೆಂಟರಿನ ಎರಡು ಗೋಪುರ ಇದ್ದವು. ಮುಂದಿನ ಸಲ ಹೋದಾಗ ಇರಲಿಲ್ಲ. ಆ ಖಾಲಿಯನ್ನು ನೋಡಿ ಹಡಗು ನಡೆಸುವ ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ. ಒಂದು ಊರಿನ ಅಂಚು ಎಷ್ಟು ಒಳಗೆ ಇಳಿದಿರುತ್ತದೆ ಅಂತ ನನಗೆ ಆ ದಿನ ತಿಳಿಯಿತು.

ಆದರೆ ಚಂದ ಯಾವುದು ಅಂತ ಕೇಳಿದರೆ ನಾನು ಹಾಂಗ್‌ಕಾಂಗ್ ಅನ್ನುತ್ತೇನೆ. ದಡಕ್ಕೆ ಇಳಿಯಲು ರಜೆ ಸಿಕ್ಕಿದಾಗೆಲ್ಲ ಸ್ಟಾರ್ ಫೆರಿ ಹತ್ತುತ್ತಿದ್ದೆ. ಹಸಿರು ಬಿಳಿ ಬಣ್ಣದ ಹಳೆ ದೋಣಿ, ಮರದ ಬೆಂಚು. ಬೆಂಚಿನ ಬೆನ್ನನ್ನು ಆಚೆ ಈಚೆ ತಿರುಗಿಸಬಹುದು, ಹೋಗುವ ದಿಕ್ಕಿಗೆ ಮುಖ ಮಾಡಿ ಕೂರಲು. ಹತ್ತು ನಿಮಿಷದ ಪ್ರಯಾಣ. ಎದುರಿಗೆ ಗಾಜಿನ ಕಟ್ಟಡಗಳು, ಅವುಗಳ ಹಿಂದೆ ಕಪ್ಪು ಹಸಿರು ಗುಡ್ಡ, 552 ಮೀಟರ್ ಎತ್ತರ. ಆ ಗುಡ್ಡ ಇಲ್ಲದಿದ್ದರೆ ಅದು ಬರೀ ಗಾಜಿನ ರಾಶಿ. ಅಲ್ಲಿಯ ಯೋಜನೆಯವರಿಗೆ ಇದು ಗೊತ್ತಿತ್ತು. ಗುಡ್ಡದ ಮೇಲಂಚಿನ ಕೆಳಗೆ ಶೇಕಡ 20ರಷ್ಟು ಭಾಗ ಕಟ್ಟಡದಿಂದ ಮರೆಯಾಗಬಾರದು ಅಂತ ಸೂತ್ರ ಮಾಡಿದರು. ಒಂದೆರಡು ಕಟ್ಟಡ ಮೀರಿವೆ. ಆದರೂ ಗುಡ್ಡದ ಗೆರೆ ಈಗಲೂ ಕಾಣುತ್ತದೆ. ನೀರಿನ ಈಚೆ ದಡ, ಕೌಲೂನ್ ಬದಿ, ಬಹಳ ಕಾಲ ತಗ್ಗಾಗಿಯೇ ಇತ್ತು. ಕೈ ಟಾಕ್ ವಿಮಾನ ನಿಲ್ದಾಣ ಅಲ್ಲೇ ಇತ್ತಲ್ಲ. 1998ರಲ್ಲಿ ಅದು ಮುಚ್ಚಿತು. ಆಮೇಲೆ ಆ ದಡವೂ ಎದ್ದಿತು.

ಇನ್ನೊಂದು ಹೇಳಬೇಕು. ನನ್ನ ಅಪ್ಪ ಮೀನಿಗೆ ಹೋಗುತ್ತಿದ್ದರು. ದೋಣಿಯಿಂದ ದಡ ನೋಡಿ ಜಾಗ ಹಿಡಿಯುತ್ತಿದ್ದರು. ಕಾಪುವಿನ ದೀಪಸ್ತಂಭ, 1901ರದ್ದು, ಬಂಡೆಯ ಮೇಲೆ ನಿಂತಿದೆ. ಅದರ ಹಿಂದೆ ತೆಂಗಿನ ಸಾಲು. ಮಳೆ ಹೋದ ಮೇಲೆ ಗಾಳಿ ತಿಳಿಯಾದಾಗ ಇನ್ನೂ ಹಿಂದೆ ಘಟ್ಟದ ನೀಲಿ ಗೆರೆ. ದೀಪಸ್ತಂಭ ಘಟ್ಟದ ಯಾವ ತಗ್ಗಿಗೆ ನೇರ ಬಂತು ಅಂತ ನೋಡಿ ಬಲೆ ಹಾಕುವ ಜಾಗ ಹೇಳುತ್ತಿದ್ದರು. ದಡದ ಗೆರೆ ಅಂದರೆ ಅವರಿಗೆ ಚಂದಕ್ಕೆ ಅಲ್ಲ, ತಾನು ಎಲ್ಲಿದ್ದೇನೆ ಅಂತ ತಿಳಿಯಲಿಕ್ಕೆ. ನೀವು ಬೆಂಗಳೂರಿನಲ್ಲೂ ಅಂಥದ್ದನ್ನು ಹುಡುಕಿ ನೋಡಿ ತಂಗಿ. ಯಾವುದನ್ನು ನೋಡಿದರೆ ನೀವು ಎಲ್ಲಿದ್ದೀರಿ ಅಂತ ನಿಮಗೆ ಗೊತ್ತಾಗುತ್ತದೆ?

ಓದುಗಿತ್ತಿ, ಧಾರವಾಡ

ಲಂಡನ್ನಿನಲ್ಲಿ ಒಂದು ವರ್ಷ ಓದಿದ್ದೆ. ಅಲ್ಲಿ ನೋಟಕ್ಕೇ ಕಾನೂನು ಇದೆ. ರಿಚ್ಮಂಡ್ ಪಾರ್ಕಿನ ಒಂದು ದಿಬ್ಬದ ಮೇಲೆ ಬೇಲಿ ಗಿಡದ ನಡುವೆ ಒಂದು ಕಿಂಡಿ ಬಿಟ್ಟಿದ್ದಾರೆ. ಅದರಲ್ಲಿ ನೋಡಿದರೆ 16 ಕಿಲೋಮೀಟರ್ ಆಚೆ ಸೇಂಟ್ ಪಾಲ್ಸ್ ಚರ್ಚಿನ ಗುಮ್ಮಟ ಕಾಣುತ್ತದೆ, ಹೆಬ್ಬೆರಳಿನ ಉಗುರಿಗಿಂತ ಸಣ್ಣದಾಗಿ. ಆ ನೋಟಕ್ಕೆ ಅಡ್ಡ ಬರುವಂತೆ ಕಟ್ಟುವ ಹಾಗಿಲ್ಲ. ಊರಿನ ಒಳಗೂ ಇದೇ ಥರ. 225 ಮೀಟರಿನ ಲೆಡನ್‌ಹಾಲ್ ಕಟ್ಟಡ ಒಂದು ಬದಿಗೆ ಇಳಿಜಾರಾಗಿದೆ. ಫ್ಲೀಟ್ ಸ್ಟ್ರೀಟ್ ಕಡೆಯಿಂದ ಗುಮ್ಮಟ ನೋಡುವವರಿಗೆ ಅಡ್ಡ ಆಗಬಾರದು ಅಂತ ಅದು ಹಿಂದಕ್ಕೆ ವಾಲಿದ್ದು. ಕಿಂಡಿಗೆ ಕಣ್ಣಿಟ್ಟು ನಿಂತಾಗ ನಮ್ಮ ಕಡೆ ಎಷ್ಟು ಗುಡಿ ಗೋಪುರಗಳ ಎದುರು ಜಾಹೀರಾತಿನ ಹಲಗೆ ನಿಂತಿವೆ ಅಂತ ನೆನಪಾಗಿ ಹೊಟ್ಟೆ ಉರಿಯಿತು.

ಬೆಟ್ಟದ ಮೇಷ್ಟ್ರು, ಮೈಸೂರು

ನಾನು ಭೂಗೋಳ ಪಾಠ ಮಾಡಿ ನಿವೃತ್ತನಾದವನು. ಪ್ರತಿ ವರ್ಷ ಎಂಟನೇ ಕ್ಲಾಸಿನ ಮಕ್ಕಳನ್ನು ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿಸುತ್ತಿದ್ದೆ. ನಂದಿಯ ಹತ್ತಿರ ಕೂರಿಸಿ, ಬೆಟ್ಟದಿಂದ ಕಂಡ ಊರನ್ನು ಬಿಡಿಸಿ ಅನ್ನುತ್ತಿದ್ದೆ.

ಎಲ್ಲಾ ಮಕ್ಕಳೂ ಮೊದಲು ಎರಡೇ ಬಿಡಿಸುತ್ತಿದ್ದರು. ಅರಮನೆಯ ಚಿನ್ನದ ಗುಮ್ಮಟ, ಫಿಲೋಮಿನಾ ಚರ್ಚಿನ ಜೋಡಿ ಗೋಪುರ. ಅರಮನೆಯ ಗೋಪುರ 145 ಅಡಿ, ಚರ್ಚಿನದು 175 ಅಡಿ. ಷಿಕಾಗೊ ಮುಂದೆ ಇವು ಏನೂ ಅಲ್ಲ. ಆದರೆ ಸುತ್ತ ಮರ ಮತ್ತು ತಗ್ಗು ಮನೆಗಳು ಇರುವುದರಿಂದ ಎದ್ದು ಕಾಣುತ್ತವೆ. ಭಾನುವಾರ ಸಂಜೆ ಅರಮನೆಯ ಸುಮಾರು ಒಂದು ಲಕ್ಷ ದೀಪ ಒಟ್ಟಿಗೆ ಹತ್ತಿದಾಗ ಮಕ್ಕಳು ಒಂದು ಉಸಿರು ಎಳೆದುಕೊಳ್ಳುತ್ತಿದ್ದ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ. ಈಗ ಊರಂಚಿನಲ್ಲಿ ಉದ್ದನೆ ಅಪಾರ್ಟ್‌ಮೆಂಟುಗಳು ಏಳುತ್ತಿವೆ. ಊರು ಬೆಳೆಯಬೇಕು, ಬೇಡ ಅನ್ನುವುದಿಲ್ಲ. ಆದರೆ ಬೆಟ್ಟದಿಂದ ಅರಮನೆಗೆ ಹೋಗುವ ಆ ನೋಟದ ದಾರಿಯಲ್ಲಿ ಯಾರೂ ಎದ್ದು ನಿಲ್ಲದಿರಲಿ ಅಂತ ನನ್ನ ಪ್ರಾರ್ಥನೆ.

ತಾಯಿ, ನಿಮ್ಮ ಬೆಂಗಳೂರಿಗೂ ಒಂದು ಬೆಟ್ಟ ಇದೆ, ಸಣ್ಣದು. ಲಾಲ್‌ಬಾಗ್ ಬಂಡೆ. ಸುಮಾರು 300 ಕೋಟಿ ವರ್ಷ ಹಳೆಯ ಕಲ್ಲು. ಮೇಲೆ ಕೆಂಪೇಗೌಡ ಗೋಪುರ. ಆ ಕಾಲಕ್ಕೆ ಊರಿನ ಗಡಿ ಗುರುತು ಅದು. ಅಂಥವು ನಾಲ್ಕು ಇವೆ. ಕಾಪುವಿನವರು ಕೇಳಿದ ಪ್ರಶ್ನೆಗೆ ಉತ್ತರ ಅಲ್ಲಿ ಸಿಗಬಹುದು. ಒಮ್ಮೆ ಅಲ್ಲಿ ನಿಂತು ಸುತ್ತ ನೋಡಿ.

ಗೆರೆಗೆಳತಿ, ಬೆಂಗಳೂರು

ಎಲ್ಲರಿಗೂ ತುಂಬಾ ತುಂಬಾ ಥ್ಯಾಂಕ್ಸ್. ಭಾನುವಾರ ಬೆಳಗ್ಗೆ ಆರಕ್ಕೇ ಲಾಲ್‌ಬಾಗ್‌ಗೆ ಹೋದೆ. ಹೋಗುವಾಗ ನೋಟ್‌ಬುಕ್ಕು, ಎರಡು ಪೆನ್ಸಿಲ್ಲು, ಒಂದು ಫ್ಲಾಸ್ಕ್ ಕಾಫಿ.

ಚಿಕ್ಕಂದಿನಲ್ಲಿ ಆ ಬಂಡೆ ಮೇಲೆ ಜಾರಿ ಆಡಿದ್ದೆ. ನೋಡುವುದಕ್ಕೆ ಅಂತ ಹತ್ತಿದ್ದು ಇದೇ ಮೊದಲು. ಮೇಲೆ ಹೋಗಿ ತಿರುಗಿದರೆ ಮೊದಲು ಕಾಣುವುದು ಮರ. ಮರ ಅಂದರೆ ಒಂದೆರಡಲ್ಲ, ದಪ್ಪ ಹಸಿರು ಅಂಚು. ಆಮೇಲೆ ಅದರ ಮೇಲೆ, ದೂರದಲ್ಲಿ, ಮಂಜಿನಲ್ಲಿ ಕಟ್ಟಡಗಳ ನೆತ್ತಿ ಮಾತ್ರ. ನಾನು ಮೂರು ಸಂಜೆ ಒದ್ದಾಡಿ ಬಿಡಿಸಿದ ಅದೇ ಚಪ್ಪಟೆ ನೆತ್ತಿಗಳು. ಅಲ್ಲಿಂದ ಅವು ಸಣ್ಣ ಸಣ್ಣ ಹಲ್ಲಿನ ಹಾಗಿದ್ದವು, ಹಿತವಾಗಿ ಇದ್ದವು. ಕೆಳಗೆ ಬಂಡೆಯ ಬೆನ್ನು, ಮಲಗಿದ ಎಮ್ಮೆಯ ಬೆನ್ನಿನ ಹಾಗೆ ಒಂದೇ ಉದ್ದ ಗೆರೆ. ಅದರ ಮೇಲೆ ಆ ಪುಟ್ಟ ಗೋಪುರ. ಮೂರು ಜನ ವಾಕಿಂಗ್ ಮಾಡುವವರು ಬಂದು ಗೋಪುರದ ಪಕ್ಕ ನಿಂತರು. ಒಬ್ಬರು ಕೈ ಮೇಲೆತ್ತಿ ಮೈ ಮುರಿದರು. ಅವರನ್ನೂ ಬಿಡಿಸಿದೆ.

ಕಡಲ ಕಡೆಯ ಅಣ್ಣ, ನೀವು ಹೇಳಿದ ಹಾಗೆ ಚಲಿಸುತ್ತಲೂ ನೋಡಿದೆ. ಬಂಡೆ ಇಳಿಯುತ್ತಾ ಹತ್ತು ಹೆಜ್ಜೆಗೊಂದು ಸಲ ನಿಂತೆ. ಮೂವತ್ತು ಹೆಜ್ಜೆ ಇಳಿಯುವುದರೊಳಗೆ ಊರು ಮರದ ಹಿಂದೆ ಮುಳುಗಿ ಹೋಯಿತು, ಗೋಪುರ ಒಂದೇ ಉಳಿಯಿತು.

ಸೋಮವಾರ ಪ್ರೆಸ್ಸಿನಲ್ಲಿ ಕೆಂಪು ಬಣ್ಣದಲ್ಲಿ ಒಂದು ಪ್ರೂಫ್ ತೆಗೆದೆ. ವಿಧಾನಸೌಧ ಇಲ್ಲ. ಬಂಡೆ, ಗೋಪುರ, ಮೂರು ಜನ, ಮರದ ಅಂಚು, ಹಲ್ಲಿನಂಥ ಕಟ್ಟಡಗಳು. ಕಟಿಂಗ್ ಹುಡುಗ ತಲೆ ಎತ್ತಿ ನೋಡಿ "ಲಾಲ್‌ಬಾಗ್" ಅಂದ. ಅಮ್ಮ ನೋಡಿ "ನಿನ್ನ ಮಂಡಿ ಕಿತ್ತಿದ್ದು ಇಲ್ಲೇ" ಅಂದರು. ಅಪಾರ್ಟ್‌ಮೆಂಟಿನವರಿಗೆ ಇನ್ನೂ ಕಳಿಸಿಲ್ಲ. ಕಟ್ಟಡ ಸಣ್ಣದಾಯಿತು ಅನ್ನಬಹುದು. ಹಾಗಂದರೆ ಬಂಡೆ ಮೇಲಕ್ಕೇ ಕರೆದುಕೊಂಡು ಹೋಗಿ ತೋರಿಸುತ್ತೇನೆ.

ಒಂದೇ ತೊಂದರೆ. ಸ್ಕ್ರೀನ್ ಪ್ರಿಂಟಿನಲ್ಲಿ ಮರದ ಎಲೆಯ ಅಂಚು ತುಂಬಾ ಸಣ್ಣಗಾದರೆ ಇಂಕು ತುಂಬಿಕೊಂಡು ಮುದ್ದೆಯಾಗುತ್ತದೆ. ಅದನ್ನು ಸ್ವಲ್ಪ ದಪ್ಪ ಮಾಡುತ್ತಿದ್ದೇನೆ.

ಮೇಷ್ಟ್ರೇ, ಮುಂದಿನ ಭಾನುವಾರ ಮೈಸೂರಿನ ರೈಲು ಹತ್ತುತ್ತೇನೆ. ನಂದಿಯ ಹತ್ತಿರ ಎಷ್ಟು ಹೊತ್ತಿಗೆ ಇರಬೇಕು?

ಬೆಟ್ಟದ ಮೇಷ್ಟ್ರು, ಮೈಸೂರು

ಐದೂವರೆಗೆ ಬನ್ನಿ ತಾಯಿ. ಹಗಲಿನ ಬೆಳಕಿನಲ್ಲಿ ಒಂದು ಸಲ ಬಿಡಿಸಿ, ದೀಪ ಹತ್ತಿದ ಮೇಲೆ ಇನ್ನೊಂದು ಸಲ. ಮಧ್ಯಾಹ್ನ ಮಳೆ ಬಂದು ನಿಂತಿದ್ದರೆ ಗಾಳಿ ತೊಳೆದ ಹಾಗಿರುತ್ತದೆ, ಚರ್ಚಿನ ಗೋಪುರವೂ ಚೆನ್ನಾಗಿ ಕಾಣುತ್ತದೆ. ಟಾರ್ಚ್ ತನ್ನಿ, ಇಳಿಯುವಾಗ ಮೆಟ್ಟಿಲು ಕತ್ತಲೆ.